ಮಾವಿನಹಣ್ಣಲ್ಲಿ ಲೆಕ್ಕ ಇಟ್ಟ ಮಹಾವೀರಾಚಾರ್ಯ

ಬ್ಯಾಡರಹಳ್ಳಿ: ನೃಪತುಂಗ ರಸ್ತೆ ಎಲ್ಲರಿಗೂ ಗೊತ್ತು. ಆ ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯರು ಎಷ್ಟು ಜನಕ್ಕೆ ಗೊತ್ತು? ಕ್ರಿ.ಶ. 850ರ ಸುಮಾರಿಗೆ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದವರು. ಬಡ್ಡಿ, ಚಿನ್ನದ ಬೆರಕೆ ಎಲ್ಲಾ ಅದರಲ್ಲಿದೆ, ಅಂಗಡಿಯವರಿಗೆ ಇವತ್ತಿಗೂ ಬೇಕಾದ್ದೇ.

ಭಿನ್ನರಾಶಿ ಅಂದ್ರೆ ಹೆದರೋ ಮಕ್ಕಳಿಗೆ ಅವರ ಮಾವಿನಹಣ್ಣಿನ ಲೆಕ್ಕ ಕೊಡಿ. ರಾಜ ಆರರಲ್ಲಿ ಒಂದು ಪಾಲು ತಗೊಂಡ. ಉಳಿದದ್ದರಲ್ಲಿ ರಾಣಿ ಐದರಲ್ಲಿ ಒಂದು. ಮೂವರು ರಾಜಕುಮಾರರು ಉಳಿದುಳಿದದ್ದರಲ್ಲಿ ಕಾಲು, ಮೂರರಲ್ಲಿ ಒಂದು, ಅರ್ಧ. ಕಿರಿಯ ಮಗುವಿಗೆ 3 ಹಣ್ಣು. ಒಟ್ಟೆಷ್ಟು? ಹುಣಸೆಬೀಜ ಇಟ್ಟುಕೊಂಡು ಕೊನೆಯಿಂದ ಹಿಂದಕ್ಕೆ ಬಂದರೆ 18. ಪಾಲು ಬೇರೆಬೇರೆ, ಸಿಕ್ಕಿದ್ದು ಮಾತ್ರ ಎಲ್ಲರಿಗೂ ಮೂರೇ! ಇದನ್ನ ಮಕ್ಕಳೇ ಕಂಡುಹಿಡೀಲಿ, ಮೊದಲೇ ಹೇಳಬೇಡಿ.

ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗಲ್ಲ ಅಂತ ಬರೆದದ್ದು ಮಾತ್ರ ಅವರ ತಪ್ಪು. 1912ರಲ್ಲಿ ಮದ್ರಾಸಿನಲ್ಲಿ ಎಂ. ರಂಗಾಚಾರ್ಯರು ಈ ಪುಸ್ತಕವನ್ನ ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು.