ಎಂ. ಜೆ. ತಿರುಮಲಾಚಾರ್

ಎಂ. ಜೆ. ತಿರುಮಲಾಚಾರ್ (1914–1999) ಕರ್ನಾಟಕ ಮೂಲದ ಶಿಲೀಂಧ್ರ ವಿಜ್ಞಾನಿ ಹಾಗೂ ಸಸ್ಯರೋಗ ತಜ್ಞರು. ಬಾಯಿ, ಚರ್ಮ ಮತ್ತು ಕಿವಿಯ ಶಿಲೀಂಧ್ರ ಸೋಂಕುಗಳಿಗೆ ಬಳಸಲಾದ ಹ್ಯಾಮೈಸಿನ್ ಹಾಗೂ ಬೆಳೆರೋಗಗಳಿಗೆ ಬಳಸುವ ಆರಿಯೋಫಂಗಿನ್ ಎಂಬ ಜೀವಿರೋಧಕಗಳ ಶೋಧನೆಗಾಗಿ ಪ್ರಸಿದ್ಧರು.

ಆರಂಭಿಕ ಜೀವನ

ಇವರು ಹುಟ್ಟಿದ್ದು ಅಂದಿನ ಮೈಸೂರು ಸಂಸ್ಥಾನದಲ್ಲಿ. ತಂದೆ ಎಂ. ಜೆ. ನರಸಿಂಹನ್ ಅವರೂ ಸಸ್ಯರೋಗ ತಜ್ಞರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದಾಗ ತಿರುಮಲಾಚಾರ್ ಅವರು ತುಕ್ಕು ಮತ್ತು ಕಾಡಿಗೆ ರೋಗಗಳನ್ನು ತರುವ ಶಿಲೀಂಧ್ರಗಳ ಅಧ್ಯಯನ ನಡೆಸಿದರು. ಬಿ. ಬಿ. ಮುಂಡ್ಕೂರ್ ಅವರೊಂದಿಗೆ ರಚಿಸಿದ, ಭಾರತದ ಕಾಡಿಗೆ ಶಿಲೀಂಧ್ರಗಳನ್ನು ಕುರಿತ ಗ್ರಂಥವು 1952ರಲ್ಲಿ ಪ್ರಕಟವಾಯಿತು.

ಪಿಂಪ್ರಿಯಲ್ಲಿ ಸಂಶೋಧನೆ

ಪೆನಿಸಿಲಿನ್ ತಯಾರಿಕೆಗೆಂದು 1954ರಲ್ಲಿ ಪುಣೆ ಸಮೀಪದ ಪಿಂಪ್ರಿಯಲ್ಲಿ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿ ತಿರುಮಲಾಚಾರ್ ಅವರು ಪೆನಿಸಿಲಿನ್‌ಗೆ ಬಗ್ಗದ ಶತ್ರುವಾದ ಶಿಲೀಂಧ್ರದತ್ತ ಗಮನ ಹರಿಸಿದರು. ಶಿಲೀಂಧ್ರದ ಜೀವಕೋಶವು ಪ್ರಾಣಿಗಳ ಜೀವಕೋಶವನ್ನು ಬಹುಮಟ್ಟಿಗೆ ಹೋಲುವುದರಿಂದ, ರೋಗಿಗೆ ಹಾನಿಯಾಗದಂತೆ ಅದನ್ನು ಮಾತ್ರ ಕೊಲ್ಲುವುದು ಕಠಿಣ. ಅವರ ತಂಡವು ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ ಎಂಬ ಸೂಕ್ಷ್ಮಜೀವಿಯಿಂದ ಪಡೆದ ಹ್ಯಾಮೈಸಿನ್‌ನ ವಿವರವನ್ನು 1961ರಲ್ಲಿ ಪ್ರಕಟಿಸಿತು. ಆ ಜೀವಿಯ ಹೆಸರಿನಲ್ಲಿಯೇ ಪಿಂಪ್ರಿ ಉಳಿದಿದೆ.

ಹ್ಯಾಮೈಸಿನ್ ಪಾಲಿಯೀನ್ ವರ್ಗದ ಔಷಧ. ಇದು ಶಿಲೀಂಧ್ರದ ಕೋಶಪೊರೆಯಲ್ಲಿರುವ ಎರ್ಗೋಸ್ಟಿರಾಲ್‌ಗೆ ಅಂಟಿಕೊಂಡು ಪೊರೆಯನ್ನು ಸೋರುವಂತೆ ಮಾಡುತ್ತದೆ. ನೀರಿನಲ್ಲಿ ಕರಗದ ಕಾರಣ ಇದು ದೇಹದೊಳಗೆ ಸರಿಯಾಗಿ ಹೀರಲ್ಪಡುವುದಿಲ್ಲ. ಆದುದರಿಂದ ಇದರ ಉಪಯೋಗವು ಮುಖ್ಯವಾಗಿ ಮೇಲ್ಲೇಪನಕ್ಕೆ ಸೀಮಿತವಾಯಿತು.

ಪಶುವೈದ್ಯದೊಂದಿಗಿನ ಸಂಬಂಧ

ನಾಯಿಗಳ ಕಿವಿಸೋಂಕಿಗೂ ಇದೇ ತತ್ತ್ವ ಅನ್ವಯಿಸುತ್ತದೆ. ಅವುಗಳ ಕಿವಿಯಲ್ಲಿ ಸಹಜವಾಗಿಯೇ ಇರುವ ಮಲಸೀಜಿಯಾ ಪ್ಯಾಕಿಡರ್ಮಾಟಿಸ್ ಎಂಬ ಯೀಸ್ಟ್, ತೇವ ಅಥವಾ ಅಲರ್ಜಿಯಿಂದಾಗಿ ಮಿತಿಮೀರಿ ಬೆಳೆದಾಗ ತುರಿಕೆ, ದುರ್ವಾಸನೆ ಮತ್ತು ಕಂದು ಬಣ್ಣದ ಗುಗ್ಗೆ ಕಾಣಿಸಿಕೊಳ್ಳುತ್ತವೆ. ಬ್ಯಾಕ್ಟೀರಿಯಾಗಳನ್ನು ಮಾತ್ರ ಕೊಲ್ಲುವ ಹನಿಗಳಿಂದ ಇದು ಗುಣವಾಗದು. ಪಶುವೈದ್ಯರು ಮೊದಲು ಕಿವಿತಮಟೆಯನ್ನು ಪರೀಕ್ಷಿಸಿ, ಕಿವಿಯನ್ನು ಶುಚಿಗೊಳಿಸಿ, ಶಿಲೀಂಧ್ರನಾಶಕ ಮುಲಾಮು ಹಾಕುತ್ತಾರೆ. ಇಂತಹ ಮುಲಾಮುಗಳಲ್ಲಿ ಬಳಕೆಯಲ್ಲಿರುವ ನಿಸ್ಟಾಟಿನ್ ಸಹ ಹ್ಯಾಮೈಸಿನ್‌ನಂತೆ ಪಾಲಿಯೀನ್ ವರ್ಗಕ್ಕೆ ಸೇರಿದೆ. ಇದನ್ನು 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಝನ್ ಮತ್ತು ರೇಚಲ್ ಬ್ರೌನ್ ಕಂಡುಹಿಡಿದರು. ಮೂಲದಲ್ಲಿರುವ ಅಲರ್ಜಿಗೆ ಚಿಕಿತ್ಸೆಯಾಗದಿದ್ದರೆ ಸೋಂಕು ಮರುಕಳಿಸುತ್ತದೆ.

ಪರಂಪರೆ

ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳಂತಹ ಮಳೆ ಹೆಚ್ಚಿರುವ ಕರಾವಳಿಯಲ್ಲಿ ಶಿಲೀಂಧ್ರವು ತೋಟಕ್ಕೂ ಮನೆಗೂ ಸಮಾನವಾದ ಉಪದ್ರವ. ತೆಂಗಿನ ಅಣಬೆ ರೋಗಕ್ಕೆ 100 ಮಿ.ಲೀ. ನೀರಿನಲ್ಲಿ 2 ಗ್ರಾಂ ಆರಿಯೋಫಂಗಿನ್-ಸಾಲ್ ಹಾಗೂ 1 ಗ್ರಾಂ ಮೈಲುತುತ್ತವನ್ನು ಬೆರೆಸಿ ಬೇರಿನ ಮೂಲಕ ಉಣಿಸುವ ಕ್ರಮವನ್ನು ಕೃಷಿ ತಜ್ಞರು ಶಿಫಾರಸು ಮಾಡಿದ್ದಾರೆ. ಸಸ್ಯರೋಗಗಳಿಂದ ಆರಂಭವಾದ ತಿರುಮಲಾಚಾರ್ ಅವರ ಅಧ್ಯಯನವು ಹೀಗೆ ಔಷಧಾಲಯಕ್ಕೂ ತೋಟಕ್ಕೂ ತಲುಪಿತು.

ಶಾಂತಿ ಸ್ವರೂಪ್ ಭಟ್ನಾಗರ್ ಪ್ರಶಸ್ತಿಗೆ ಭಾಜನರಾದ ಇವರು, ನಂತರದ ವರ್ಷಗಳಲ್ಲಿ ಕ್ಯಾಲಿಫೋರ್ನಿಯಾದ ಜೀರ್‌ಸನ್ನಿಧಿ–ಆಂಡರ್ಸನ್ ಸಂಸ್ಥೆಯ ಸಹಸ್ಥಾಪಕರಾದರು. 1999ರಲ್ಲಿ ನಿಧನ ಹೊಂದಿದರು. ತಿರುಮಲಾಚಾರಿಯಾ ಎಂಬ ಶಿಲೀಂಧ್ರ ಕುಲಕ್ಕೆ ಇವರ ಹೆಸರನ್ನು ಇಡಲಾಗಿದೆ.