ಮಿಲ್ಟನ್ನನ ಒಂದು ಉಪಮೆ

ಉಪಮೆಯು ಕಾವ್ಯಕ್ಕೆ ತೊಡಿಸಿದ ಒಡವೆಯೆಂದು ನಾವೆಲ್ಲ ಮೊದಲ ಪಾಠದಲ್ಲಿಯೇ ಕಲಿತವರು. ಒಡವೆಯನ್ನು ಕಳಚಿದರೂ ಮೈಗೆ ಕುಂದಿಲ್ಲ. ಆದರೆ ಆಂಗ್ಲ ಮಹಾಕವಿ ಜಾನ್ ಮಿಲ್ಟನ್ನನ ಜೀವನವನ್ನು ಓದಿದಾಗಲೆಲ್ಲ ಈ ಮಾತು ಸಾಲದೆಂದು ನನಗೆ ತೋರುತ್ತದೆ. ಅವನ ಒಂದು ಉಪಮೆಯೊಳಗೆ ಅವನ ಬಾಳಿನ ಒಂದು ಅಧ್ಯಾಯವೇ ಅಡಗಿದೆ.

1608ರಲ್ಲಿ ಲಂಡನ್ನಿನಲ್ಲಿ ಜನಿಸಿದ ಮಿಲ್ಟನ್, ಕೇಂಬ್ರಿಜ್ಜಿನಲ್ಲಿ ಓದಿ, 1638ರಲ್ಲಿ ಇಟಲಿಯ ಪ್ರವಾಸಕ್ಕೆ ಹೊರಟನು. ಭೂಮಿಯು ಸೂರ್ಯನನ್ನು ಸುತ್ತುವುದೆಂದು ಪ್ರತಿಪಾದಿಸಿ ಗೃಹಬಂಧನಕ್ಕೊಳಗಾಗಿದ್ದ ಗೆಲಿಲಿಯೋವನ್ನು ಫ್ಲಾರೆನ್ಸಿನ ಬಳಿ ಕಂಡನು. ಚಂದ್ರನ ಬೆಟ್ಟಗಳನ್ನು ಲೋಕಕ್ಕೆ ತೋರಿಸಿಕೊಟ್ಟ ಆ ವೃದ್ಧನ ಕಣ್ಣುಗಳು ಅಷ್ಟರಲ್ಲಿ ಆರಿಹೋಗಿದ್ದವು. ಮುದ್ರಣ ಸ್ವಾತಂತ್ರ್ಯಕ್ಕಾಗಿ 1644ರಲ್ಲಿ ಬರೆದ ‘ಅರಿಯೋಪಜಿಟಿಕಾ’ದಲ್ಲಿ ಮಿಲ್ಟನ್ ಈ ಭೇಟಿಯನ್ನು ನೆನೆದಿದ್ದಾನೆ.

1649ರಲ್ಲಿ ಅವನು ಇಂಗ್ಲೆಂಡಿನ ಗಣರಾಜ್ಯದ ಕಾರ್ಯದರ್ಶಿಗಳಲ್ಲೊಬ್ಬನಾದನು. 1652ರ ಹೊತ್ತಿಗೆ ಅವನ ಕಣ್ಣುಗಳೂ ಸಂಪೂರ್ಣವಾಗಿ ಹೋದವು. 1660ರಲ್ಲಿ ಅರಸೊತ್ತಿಗೆ ಮರಳಿದಾಗ ಅವನ ಎರಡು ಗ್ರಂಥಗಳನ್ನು ಸುಡಲು ಆಜ್ಞೆಯಾಯಿತು, ಸೆರೆಮನೆಯೂ ಪ್ರಾಪ್ತವಾಯಿತು. ಆ ಕತ್ತಲೆಯಲ್ಲಿಯೇ ಮಹಾಕಾವ್ಯ ಬೆಳೆಯಿತು. ರಾತ್ರಿ ಮನಸ್ಸಿನಲ್ಲಿ ಕೂಡಿದ ಪದ್ಯಗಳನ್ನು ಬೆಳಗ್ಗೆ ಬರೆದುಕೊಳ್ಳುವವರು ಬರಲು ತಡವಾದರೆ, ತನ್ನನ್ನು ಕರೆಯುವ ಹೊತ್ತಾಯಿತೆಂದು, ತಾನೊಂದು ಹಸುವೋ ಎಂಬಂತೆ ಗೊಣಗುತ್ತಿದ್ದನಂತೆ. ಕೆಚ್ಚಲು ತುಂಬಿ ಅಂಬಾ ಎನ್ನುವ ಹಸುವನ್ನು ಬಲ್ಲ ನಮಗೆ ಈ ಮಾತಿಗೆ ವ್ಯಾಖ್ಯಾನ ಬೇಕಿಲ್ಲ.

‘ಪ್ಯಾರಡೈಸ್ ಲಾಸ್ಟ್’ 1667ರಲ್ಲಿ ಅಚ್ಚಾಯಿತು. ಕವಿಯ ಕೈಗೆ ಮೊದಲು ಬಂದದ್ದು 5 ಪೌಂಡು. ಅದರ ಮೊದಲ ಭಾಗದಲ್ಲಿ ಸೈತಾನನು ಹೆಗಲಿಗೆ ಗುರಾಣಿಯನ್ನು ತೂಗುಹಾಕಿಕೊಂಡು ಉರಿಯ ಸರೋವರದ ತೀರಕ್ಕೆ ನಡೆಯುತ್ತಾನೆ. ಗುರಾಣಿ ಚಂದ್ರನಂತಿತ್ತೆಂದರೆ ಸಾಕಾಗಿತ್ತು. ಗಾತ್ರವೂ ದುಂಡೂ ಹೊಂದಿಕೊಳ್ಳುತ್ತಿದ್ದವು. ಮಿಲ್ಟನ್ ಅಲ್ಲಿಗೆ ನಿಲ್ಲಲಿಲ್ಲ. ಟಸ್ಕನಿಯ ಬೆಟ್ಟದ ಮೇಲೆ, ಸಂಜೆಯ ಹೊತ್ತು, ದೂರದರ್ಶಕದಿಂದ ಅದೇ ಚಂದ್ರನಲ್ಲಿ ಹೊಸ ನೆಲಗಳನ್ನು ಅರಸುವ ಗೆಲಿಲಿಯೋವನ್ನು ತಂದು ನಿಲ್ಲಿಸಿದನು.

ಉಪಮಾನ ಉಪಮೇಯಗಳ ಲೆಕ್ಕದಲ್ಲಿ ಈ ವೃದ್ಧನು ಅನಗತ್ಯ. ಆದರೆ ನನ್ನ ಮಟ್ಟಿಗೆ ಉಪಮೆಯ ಜೀವ ಇರುವುದು ಅವನಲ್ಲಿಯೇ. ಗೆಲಿಲಿಯೋ 1642ರಲ್ಲಿಯೇ ತೀರಿಕೊಂಡಿದ್ದನು. ಅವನನ್ನು ಕುರುಡನಾದ ಸೆರೆಯಾಳಾಗಿ ಕಂಡಿದ್ದ ಕವಿ, ತಾನೂ ಕುರುಡನಾದ ಮೇಲೆ, ಅವನಿಗೆ ಕಣ್ಣನ್ನೂ ಬಯಲನ್ನೂ ಮರಳಿಸಿದನು. 1674ರಲ್ಲಿ ಮಿಲ್ಟನ್ ಕಾಲವಾದನು.

ಇಂಗ್ಲಿಷ್ ಪ್ರಬಂಧಕ್ಕೆಂದು ಸಿದ್ಧ ಉಪಮೆಗಳನ್ನು ಉರುಹೊಡೆಯುವ ವಿದ್ಯಾರ್ಥಿಗಳಿಗೆ ನಾನು ಹೇಳುವುದಿಷ್ಟೆ: ಚಂದ್ರನಂತೆ ಎಂದು ಬರೆಯುವ ಮುನ್ನ, ಆ ಚಂದ್ರನನ್ನು ಎಲ್ಲಿ, ಯಾರೊಡನೆ ಕಂಡಿರೆಂದು ನೆನೆದುಕೊಳ್ಳಿ.