ಮಹಾವೀರಾಚಾರ್ಯ (ಗಣಿತಜ್ಞ)

ಮಹಾವೀರಾಚಾರ್ಯರು ಕ್ರಿ.ಶ. 9ನೆಯ ಶತಮಾನದ ಜೈನ ಗಣಿತಜ್ಞರು. ಸಂಸ್ಕೃತದ ‘ಗಣಿತಸಾರಸಂಗ್ರಹ’ವೆಂಬ ಗ್ರಂಥದ ಕರ್ತೃ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ (ಆಳ್ವಿಕೆ 814–878) ಕಾಲದಲ್ಲಿ, ಸುಮಾರು 850ರಲ್ಲಿ, ಇದು ರಚಿತವಾಯಿತು. ಆರಂಭದ ಪದ್ಯಗಳಲ್ಲಿ ಅವರು ತೀರ್ಥಂಕರ ಮಹಾವೀರನಿಗೆ ವಂದಿಸಿ ನೃಪತುಂಗನನ್ನು ಸ್ತುತಿಸಿದ್ದಾರೆ. ಅವರ ಜೀವನಕ್ಕೆ ದೊರೆಯುವ ನೇರ ಆಧಾರ ಇಷ್ಟೇ. ಹೀಗಾಗಿ ಅವರ ವ್ಯಕ್ತಿತ್ವವನ್ನು ಅವರು ಬಿಡಿಸಿದ ಲೆಕ್ಕಗಳಲ್ಲಿಯೇ ಕಾಣಬೇಕಾಗಿದೆ.

ನಾಡು

ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವು ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅಲ್ಲಿಂದ ದಕ್ಷಿಣಕ್ಕೆ ಕೃಷ್ಣೆಯನ್ನು ದಾಟಿದರೆ, ಕೃಷ್ಣಾ–ತುಂಗಭದ್ರೆಗಳ ನಡುವೆ ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಸೀಮೆ ಸಿಗುತ್ತದೆ. ಇದೂ ರಾಷ್ಟ್ರಕೂಟರ ಆಳ್ವಿಕೆಗೆ ಒಳಪಟ್ಟಿತ್ತು. ಹಟ್ಟಿ ಹಾಗೂ ಅಶೋಕನ ಶಾಸನದಿಂದ ಪ್ರಸಿದ್ಧವಾದ ಮಸ್ಕಿಯ ಪರಿಸರದಲ್ಲಿ ಚಿನ್ನದ ಅಗೆತ ಬಹು ಪ್ರಾಚೀನವಾದುದು. ಬೇರೆ ಬೇರೆ ಶುದ್ಧತೆಯ ಚಿನ್ನಗಳನ್ನು ಕರಗಿಸಿ ಕೂಡಿಸಿದಾಗ ಬರುವ ‘ವರ್ಣ’ವನ್ನು ಕಂಡುಹಿಡಿಯುವ ವಿಧಾನವನ್ನು ಮಹಾವೀರಾಚಾರ್ಯರು ವಿಸ್ತಾರವಾಗಿ ಬೋಧಿಸಿದ್ದಾರೆ. ಅಂಥ ನಾಡಿನ ಅಕ್ಕಸಾಲಿಗನಿಗೆ ಈ ಪಾಠ ಅಪರಿಚಿತವೆನಿಸದು.

ಸಂಖ್ಯೆಗಳ ಹಾರ

ಗ್ರಂಥದ ಅತ್ಯಂತ ರಮ್ಯ ಭಾಗವೆಂದರೆ ಗುಣಾಕಾರದ ಉದಾಹರಣೆಗಳು. ಎಡದಿಂದಲೂ ಬಲದಿಂದಲೂ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಆಚಾರ್ಯರು ಕೊರಳ ಹಾರಕ್ಕೆ ಹೋಲಿಸುತ್ತಾರೆ. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳ 11111111. 27994681ನ್ನು 441ರಿಂದ ಗುಣಿಸಿದರೆ 12345654321. ಇಂಥ ಅಪವರ್ತನಗಳು ಆಕಸ್ಮಿಕವಾಗಿ ಕೈಗೆ ಸಿಕ್ಕುವಂಥವಲ್ಲ. ದೊಡ್ಡ ಸಂಖ್ಯೆಯನ್ನು ತಾಳ್ಮೆಯಿಂದ ಒಡೆದು ನೋಡಿದವರಿಗೇ ದಕ್ಕುತ್ತವೆ.

ಇಂದಿನ ಪರಿಭಾಷೆಯಲ್ಲಿ ಹೇಳುವುದಾದರೆ 73, 109 ಮತ್ತು 139 ಅವಿಭಾಜ್ಯ ಸಂಖ್ಯೆಗಳು, ಅಂದರೆ 1 ಮತ್ತು ತಮ್ಮಿಂದಲೇ ಹೊರತು ಬೇರೆಯದರಿಂದ ನಿಶ್ಶೇಷವಾಗಿ ಭಾಗವಾಗದವು. ಎಂಟು ಒಂದುಗಳ ಸಂಖ್ಯೆ 11, 73, 101, 137 ಎಂಬ ನಾಲ್ಕು ಅವಿಭಾಜ್ಯಗಳ ಗುಣಲಬ್ಧ. ಅವರ ಮತ್ತೊಂದು ಉದಾಹರಣೆ, 9ರಿಂದ ಗುಣಿಸಿದಾಗ ಒಂಬತ್ತು ಒಂದುಗಳನ್ನು ಕೊಡುವ 12345679. ಇದರ ಅಪವರ್ತನಗಳು 37 ಮತ್ತು 333667. ಎರಡನೆಯದು ಆರಂಕಿಯ ಅವಿಭಾಜ್ಯ. ಬರಿಯ ಒಂದುಗಳಿಂದಾದ ಸಂಖ್ಯೆಗಳಲ್ಲಿ ಕೆಲವು ಒಡೆಯುವುದೇ ಇಲ್ಲ: 11ರ ನಂತರ ಹತ್ತೊಂಬತ್ತು ಒಂದುಗಳ ಸಂಖ್ಯೆ, ಬಳಿಕ ಇಪ್ಪತ್ತಮೂರು ಒಂದುಗಳದು ಅವಿಭಾಜ್ಯ. ಇದನ್ನು ತೋರಿಸಿದ್ದು ಆಧುನಿಕ ಗಣಿತ. ಆದರೆ ಒಂದುಗಳ ಸಾಲನ್ನು ಕುತೂಹಲದ ವಸ್ತುವಾಗಿ ಕನ್ನಡನಾಡಿನ ವಿದ್ಯಾರ್ಥಿಗಳ ಮುಂದಿಟ್ಟ ಕೀರ್ತಿ ಆಚಾರ್ಯರಿಗೆ ಸಲ್ಲಬೇಕು.

ಇತರ ಕೊಡುಗೆಗಳು

ಅವರು 24 ಸ್ಥಾನಗಳವರೆಗೆ ಹೆಸರಿಸಿದ್ದಾರೆ, ಕೊನೆಯದು ‘ಮಹಾಕ್ಷೋಭ’. ವಸ್ತುಗಳನ್ನು ಆರಿಸುವ ವಿಧಗಳ ಎಣಿಕೆಗೆ ಸಾರ್ವತ್ರಿಕ ಸೂತ್ರವನ್ನಿತ್ತು, ಆರು ರಸಗಳ ಮಿಶ್ರಣಗಳಿಂದ ಅದನ್ನು ವಿವರಿಸಿದ್ದಾರೆ. ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದೂ ಸ್ಪಷ್ಟಪಡಿಸಿದರು. ಆದರೆ ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂಬ ಅವರ ನಿಯಮ ತಪ್ಪು. ಇಷ್ಟು ಸೂಕ್ಷ್ಮಮತಿಗಳೂ ಅಲ್ಲಿ ಎಡವಿದ್ದು ಸೊನ್ನೆಯ ಕಾಠಿಣ್ಯವನ್ನೇ ಸೂಚಿಸುತ್ತದೆ.

ಪ್ರಸಾರ

11ನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನನು ಗ್ರಂಥವನ್ನು ತೆಲುಗಿಗೆ ತಂದನು. ಎಂ. ರಂಗಾಚಾರ್ಯರು ಮೂಲವನ್ನು ಪರಿಷ್ಕರಿಸಿ, ಇಂಗ್ಲಿಷ್ ಅನುವಾದದೊಡನೆ 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.